ಜಪಾನಿ ಅಕ್ಷರ ಕಲಿಯೋದು ಹೇಗೆ? ಕನ್ನಡದ ಕಿವಿಯಿಂದ ಶುರು ಮಾಡಿ

ಜಪಾನಿ ಕಲಿಯಬೇಕು ಅಂತ ಆಸೆಯಿಂದ ಹೊರಟವರಲ್ಲಿ ತುಂಬಾ ಜನ ಬರವಣಿಗೆಯ ಹತ್ತಿರ ಬಂದು ನಿಂತುಬಿಡುತ್ತಾರೆ. ಮೂರು ಲಿಪಿ ಇದೆ, ಮೂರನೇದರಲ್ಲಿ ಸಾವಿರಾರು ಅಕ್ಷರ ಇದೆ, ಸಾಲದ್ದಕ್ಕೆ ಪದ ಪದದ ನಡುವೆ ಜಾಗವನ್ನೂ ಬಿಡೋದಿಲ್ಲ. ಹೆದರಿಕೆ ಆಗೋದು ಸಹಜ. ಆದರೆ ಈ ಬಗ್ಗೆ ಸಿಗುವ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರಿಗೆ ಅಂತ ಬರೆದವು. ಅವರಿಗೆ ಕಷ್ಟ ಆಗುವ ಎಷ್ಟೋ ವಿಷಯ ನಮಗೆ ಒಂದನೇ ಕ್ಲಾಸಿನಲ್ಲೇ ಬಂದಿರುತ್ತದೆ. ಹ್ರಸ್ವ ದೀರ್ಘ, ಒತ್ತಕ್ಷರ, ಸೊನ್ನೆ, ಮಾತ್ರೆ ಎಣಿಸೋದು, ಇವೆಲ್ಲ ಜಪಾನಿ ಬರವಣಿಗೆಯಲ್ಲೂ ಇವೆ. ಹಾಗಾಗಿ ನಾನು ಇಲ್ಲಿ ಹೇಳುವ ದಾರಿ ಕನ್ನಡದ ಮೂಲಕ ಹೋಗುವ ದಾರಿ.

ಓದುವ ಮುಂಚೆ ಒಂದು ಕೆಲಸ ಮಾಡಿ. ಹಿರಗನ ಮತ್ತು ಕತಕನ ಅಕ್ಷರಗಳ ಚಾರ್ಟ್ ಒಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಗೆರೆ ಎಳೆಯುವ ಕ್ರಮವನ್ನು ಬಾಣದ ಗುರುತು, ಸಂಖ್ಯೆ ಹಾಕಿ ತೋರಿಸುವಂಥದ್ದು ಸಿಕ್ಕರೆ ಒಳ್ಳೇದು. ನಾನು ಅಕ್ಷರದ ಹೆಸರು ಹೇಳಿದಾಗ ಅದರಲ್ಲಿ ಹುಡುಕಿ ನೋಡುತ್ತಾ ಬನ್ನಿ.

ಮೂರು ಲಿಪಿ, ಮೂರು ಕೆಲಸ

ಲಿಪಿ ಮೂರಿದ್ದರೂ ಅವು ಒಂದೇ ವಾಕ್ಯದಲ್ಲಿ ಒಟ್ಟಿಗೆ ಬರುತ್ತವೆ. ಕಂಜಿ ಅನ್ನೋದು ಚೀನಾದಿಂದ ಬಂದ ಅಕ್ಷರ, ಒಂದೊಂದಕ್ಕೂ ಒಂದು ಅರ್ಥ ಇದೆ. ಹಿರಗನ, ಕತಕನ ಎರಡೂ ನಮ್ಮ ಅಕ್ಷರಗಳ ಹಾಗೆ ಬರೀ ಉಚ್ಚಾರ ಹೇಳುತ್ತವೆ.

'ವತಶಿ ವ ಪನ್ ಒ ತಬೆಮಸು' ಅನ್ನುವ ವಾಕ್ಯ ನೋಡಿ. ನಾನು ಬ್ರೆಡ್ ತಿನ್ನುತ್ತೇನೆ ಅಂತ ಅರ್ಥ. 'ವತಶಿ' ಅಂದರೆ ನಾನು, ಅದು ಒಂದೇ ಒಂದು ಕಂಜಿ. 'ಪನ್' ಪೋರ್ಚುಗೀಸರಿಂದ ಬಂದ ಪದ, ಅದು ಕತಕನದಲ್ಲಿ. ನಡುವೆ ಬಂದ 'ವ' ಮತ್ತು 'ಒ' ನಮ್ಮ ವಿಭಕ್ತಿ ಪ್ರತ್ಯಯದ ಥರದವು, ಅವು ಹಿರಗನದಲ್ಲಿ. ಇನ್ನು 'ತಬೆಮಸು' ಅನ್ನೋದರಲ್ಲಿ ತಿನ್ನು ಅನ್ನುವ ಧಾತುವಿನ 'ತ' ಭಾಗ ಕಂಜಿ, ಉಳಿದ 'ಬೆಮಸು' ಹಿರಗನ. ತಿನ್ನೋದಿಲ್ಲ, ತಿಂದೆ ಅಂತ ಹೇಳಬೇಕಾದರೆ ಕಂಜಿ ಹಾಗೇ ಇರುತ್ತದೆ, ಹಿಂದಿನ ಬಾಲ ಮಾತ್ರ ಬದಲಾಗುತ್ತದೆ. ಈ ಬಾಲಕ್ಕೆ ಒಕುರಿಗನ ಅಂತ ಹೆಸರು. ಬುಡ ಕಂಜಿ, ಪ್ರತ್ಯಯ ಹಿರಗನ ಅಂತ ನೆನಪಿಟ್ಟುಕೊಂಡರೆ ಜಪಾನಿ ಸಾಲು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳೋಕೆ ಶುರುವಾಗುತ್ತದೆ. ಜಾಗ ಬಿಡದೆ ಬರೆದರೂ ಅವರಿಗೆ ತೊಂದರೆ ಆಗದೇ ಇರೋದು ಇದರಿಂದಲೇ, ಲಿಪಿ ಬದಲಾದ ಕಡೆ ಪದದ ಗಡಿ ಕಣ್ಣಿಗೆ ತಾನಾಗಿ ಕಾಣುತ್ತದೆ. ಕರ್ತೃ, ಕರ್ಮ, ಕ್ರಿಯಾಪದ ಬರುವ ಸಾಲು ಕೂಡ ನಮ್ಮದೇ ಥರ, ಗಮನಿಸಿದಿರಾ?

ಇವಲ್ಲದೆ ರೋಮಜಿ ಅಂತ ಇನ್ನೊಂದಿದೆ. ಅಂದರೆ ಜಪಾನಿ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು. ಜಪಾನಿನ ರೈಲ್ವೆ ಸ್ಟೇಷನ್ ಬೋರ್ಡುಗಳಲ್ಲಿ, ಪಾಸ್‌ಪೋರ್ಟಿನಲ್ಲಿ ಇದು ಕಾಣುತ್ತದೆ. ಕಲಿಯುವಾಗ ಇದರ ಮೇಲೆ ಒರಗಿಕೊಳ್ಳಬೇಡಿ ಅಂತ ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಕಣ್ಣಿಗೆ ಇಂಗ್ಲಿಷ್ ಅಕ್ಷರ ಬಿದ್ದ ಕೂಡಲೇ ನಾಲಿಗೆ ಇಂಗ್ಲಿಷ್ ಉಚ್ಚಾರಕ್ಕೆ ಹೋಗುತ್ತದೆ, ದೀರ್ಘ ಯಾವುದು ಹ್ರಸ್ವ ಯಾವುದು ಅಂತ ತಿಳಿಯೋದೇ ಇಲ್ಲ. ನಾವು 'ಟೋಕಿಯೋ' ಅಂತ ಹೇಳೋದು ಹೀಗೆ ಬಂದದ್ದು. ಅವರು ಹೇಳೋದು 'ತೋಕ್ಯೋ', ಎರಡೂ ದೀರ್ಘ, ಮೊದಲನೇದು ಹಲ್ಲಿಗೆ ತಾಗುವ ತಕಾರ. ಹಿರಗನ ಅನ್ನುವ ಹೆಸರನ್ನೇ 'ಹಿರಾಗಾನಾ' ಅಂತ ಎಳೆದು ಬರೆಯುವವರು ಬಹಳ ಜನ, ಆದರೆ ಅದರಲ್ಲಿ ನಾಲ್ಕೂ ಹ್ರಸ್ವ. ಟಿಪ್ಪಣಿ ಬರೆಯಲೇಬೇಕು ಅನ್ನಿಸಿದರೆ ಕನ್ನಡದಲ್ಲೇ ಬರೆದುಕೊಳ್ಳಿ. ಕನ್ನಡ ಲಿಪಿಯಲ್ಲಿ ಜಪಾನಿ ಉಚ್ಚಾರ ಎಷ್ಟೋ ಸರಿಯಾಗಿ ಕೂರುತ್ತದೆ.

ಹಿರಗನದ ಸಾಲು ನಿಮಗೆ ಗೊತ್ತಿರುವ ಸಾಲೇ

ಚಾರ್ಟ್ ನೋಡಿ. ಮೊದಲ ಸಾಲು ಅ, ಇ, ಉ, ಎ, ಒ. ನಮ್ಮ ವರ್ಣಮಾಲೆಯ ಸ್ವರಗಳಲ್ಲಿ ದೀರ್ಘಗಳನ್ನೂ ಋ, ಐ, ಔಗಳನ್ನೂ ತೆಗೆದುಬಿಡಿ, ಏನು ಉಳಿಯುತ್ತದೆ? ಇದೇ ಐದು, ಇದೇ ಕ್ರಮದಲ್ಲಿ. ಆಮೇಲಿನ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಕವರ್ಗ ಮೊದಲು, ಚವರ್ಗದ ಜಾಗದಲ್ಲಿ ಸ, ಆಮೇಲೆ ತ, ನ, ಪವರ್ಗದ ಜಾಗದಲ್ಲಿ ಹ ಮತ್ತು ಮ, ಕೊನೆಗೆ ಯ ರ ವ. ಗಂಟಲಿಂದ ಶುರುವಾಗಿ ತುಟಿಯ ತನಕ ಬರುವ ಅದೇ ಜೋಡಣೆ.

ಇದು ಆಕಸ್ಮಿಕ ಅಲ್ಲ. ಬೌದ್ಧ ಧರ್ಮದ ಜೊತೆ ಸಂಸ್ಕೃತದ ಧ್ವನಿ ವಿಚಾರವೂ ಜಪಾನಿಗೆ ಹೋಯಿತು. ಕೂಕಯಿ ಎಂಬ ಭಿಕ್ಷು 806ರಲ್ಲಿ ಚೀನಾದಿಂದ ಮರಳುವಾಗ ಸಿದ್ಧಂ ಲಿಪಿಯ ಗ್ರಂಥಗಳನ್ನು ತಂದ. ಆ ಸಿದ್ಧಂ ಕೂಡ ನಮ್ಮ ಲಿಪಿಯ ಹಾಗೆ ಬ್ರಾಹ್ಮಿಯ ಸಂತತಿ. ಮಂತ್ರಗಳನ್ನು ಸರಿಯಾಗಿ ಉಚ್ಚರಿಸಬೇಕು ಅಂತ ಭಿಕ್ಷುಗಳು ಅದನ್ನು ಓದಿದರು, ತಮ್ಮ ಭಾಷೆಯ ಧ್ವನಿಗಳನ್ನೂ ಅದೇ ರೀತಿ ಜೋಡಿಸಿದರು. ಈ ಪಟ್ಟಿಗೆ ಗೊಜೂ-ಒನ್ ಅಂತ ಹೆಸರು, ಐವತ್ತು ಧ್ವನಿ ಅಂತ ಅರ್ಥ. ಈಗ ಬಳಕೆಯಲ್ಲಿ ಇರೋದು 46. ಯಕಾರದ ಸಾಲಿನಲ್ಲಿ ಯ, ಯು, ಯೊ ಮಾತ್ರ ಇವೆ. ವಕಾರದಲ್ಲಿ ವ ಮತ್ತು ಒ ಉಳಿದಿವೆ, ವಿ ಮತ್ತು ವೆ 1946ರ ಕಾಗುಣಿತ ಸುಧಾರಣೆಯಲ್ಲಿ ಕೈಬಿಟ್ಟು ಹೋದವು. ಕೊನೆಯಲ್ಲಿ ಒಂಟಿಯಾಗಿ 'ನ್' ಇದೆ.

ಪವರ್ಗದ ಜಾಗದಲ್ಲಿ ಹ ಯಾಕೆ ಬಂತು ಅಂತ ಕೇಳಿದರೆ ಸಿಗುವ ಉತ್ತರ ಕನ್ನಡ ಮಾತಾಡುವ ನಮಗೆ ತುಂಬಾ ಖುಷಿ ಕೊಡುತ್ತದೆ. ಹಳೆಯ ಜಪಾನಿಯಲ್ಲಿ ಅದು ಪಕಾರವೇ ಆಗಿತ್ತು. ಹೂವಿಗೆ ಈಗ 'ಹನ' ಅನ್ನುತ್ತಾರೆ, ಹಿಂದೆ 'ಪನ' ಅನ್ನುತ್ತಿದ್ದರು. ನಮ್ಮಲ್ಲಿ ಹಳಗನ್ನಡದ ಪೂ ಹೂವಾಯಿತು, ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು ಅಲ್ವಾ, ಅದೇ ದಾರಿ. ಎರಡು ಭಾಷೆಗೂ ಸಂಬಂಧ ಇಲ್ಲದೆ ಇದ್ದರೂ ಬಾಯಿ ಒಂದೇ ಥರ ಸಡಿಲವಾಯಿತು. ಇದನ್ನು ತಿಳಿದುಕೊಂಡರೆ ಮುಂದೆ ಒಂದು ಗೊಂದಲ ತಪ್ಪುತ್ತದೆ.

ಅದು ಚುಕ್ಕಿಗಳ ವಿಷಯ. ಅಕ್ಷರದ ಬಲಗಡೆ ಮೇಲೆ ಎರಡು ಚಿಕ್ಕ ಗೀಟು ಹಾಕಿದರೆ ಕ ಹೋಗಿ ಗ ಆಗುತ್ತದೆ, ಸ ಹೋಗಿ ಜ಼ ಆಗುತ್ತದೆ, ತ ಹೋಗಿ ದ ಆಗುತ್ತದೆ. ವರ್ಗದ ಮೊದಲನೇ ಅಕ್ಷರದಿಂದ ಮೂರನೇದಕ್ಕೆ ಹಾರುವ ಹಾಗೆ. ಆದರೆ ಹಕಾರಕ್ಕೆ ಗೀಟು ಹಾಕಿದರೆ ಬ ಬರುತ್ತದೆ! ಮೊದಲು ಅದು ಪ ಆಗಿತ್ತು ಅಂತ ಗೊತ್ತಿದ್ದರೆ ಇದು ಸರಿಯಾಗೇ ಇದೆ. ಈಗ ಪ ಬೇಕಾದಾಗ ಹಕಾರದ ಮೇಲೆ ಪುಟ್ಟ ಸೊನ್ನೆ ಹಾಕುತ್ತಾರೆ. ಹೀಗೆ 46ಕ್ಕೆ ಇನ್ನೂ 25 ಸೇರುತ್ತವೆ, ಆದರೆ ಹೊಸ ಆಕಾರ ಒಂದೂ ಕಲಿಯಬೇಕಿಲ್ಲ.

ಒಂದು ಕಷ್ಟವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಾಗುಣಿತ ಇಲ್ಲ. ಕ ಬರೆದು ಅದಕ್ಕೆ ಗುಡಿಸು ಕೊಟ್ಟರೆ ಕಿ ಅನ್ನುವ ಅನುಕೂಲ ಇಲ್ಲ. ಕ, ಕಿ, ಕು, ಕೆ, ಕೊ ಐದಕ್ಕೂ ಐದು ಬೇರೆ ಆಕಾರ, ಒಂದಕ್ಕೊಂದು ಹೋಲಿಕೆ ಹುಡುಕಬೇಡಿ. ಹಾಗೇ ಕೆಲವು ಜಾಗದಲ್ಲಿ ಧ್ವನಿ ಜಾರುತ್ತದೆ. ಸ ಸಾಲಿನಲ್ಲಿ 'ಸಿ' ಬರೋದಿಲ್ಲ, 'ಶಿ' ಬರುತ್ತದೆ. ತ ಸಾಲಿನಲ್ಲಿ ತ, ಚಿ, ತ್ಸು, ತೆ, ತೊ. ಉತ್ಸವ ಅನ್ನುವಾಗ ಬರುವ 'ತ್ಸ' ನಿಮ್ಮ ನಾಲಿಗೆಗೆ ಹೊಸದೇನಲ್ಲ. ಹ ಸಾಲಿನ ಮೂರನೇದು ಹು ಮತ್ತು ಫು ಎರಡರ ಮಧ್ಯದ್ದು, ಹಲ್ಲು ತುಟಿಗೆ ತಾಗಿಸದೆ ದೀಪ ಆರಿಸುವ ಹಾಗೆ ಊದಿ.

ಕೈಗೆ ಕೂರಿಸೋದು

ದಿನಕ್ಕೆ ಒಂದು ಸಾಲು ಸಾಕು, ಐದು ಅಕ್ಷರ. ಹತ್ತು ಹನ್ನೆರಡು ದಿನದಲ್ಲಿ ಹಿರಗನ ಮುಗಿಯುತ್ತದೆ. ಒಂದೇ ದಿನದಲ್ಲಿ ಎಲ್ಲಾ ಕಲಿಸುತ್ತೇವೆ ಅನ್ನುವ ವಿಡಿಯೋಗಳಿವೆ, ಗುರುತಿಸೋಕೆ ಮಾತ್ರ ಆದರೆ ಅದೂ ಆಗುತ್ತದೆ, ಆದರೆ ವಾರ ಬಿಟ್ಟು ನೋಡಿದರೆ ಅರ್ಧ ಮರೆತಿರುತ್ತೀರಿ. ಚೌಕುಳಿ ಗೆರೆಯ ಪುಸ್ತಕ ತಗೊಳ್ಳಿ. ಒಂದು ಚೌಕಕ್ಕೆ ಒಂದು ಅಕ್ಷರ. ಜಪಾನಿನಲ್ಲಿ ಇದಕ್ಕೇ ಅಂತ ಒಂದು ಪುಟಕ್ಕೆ 400 ಚೌಕ ಇರುವ ಹಾಳೆ ಬಳಸುತ್ತಾರೆ, ಬರಹ ಎಷ್ಟು ಉದ್ದ ಅಂತ ಹೇಳೋದೂ ಆ ಹಾಳೆಯ ಲೆಕ್ಕದಲ್ಲೇ. ನಮಗೆ ಗಣಿತದ ಚೌಕದ ಪುಸ್ತಕವಾದರೂ ನಡೆಯುತ್ತದೆ.

ಮೊದಲು ಒಂದೇ ಗೆರೆಯಲ್ಲಿ ಮುಗಿಯುವ ಅಕ್ಷರಗಳನ್ನು ಕೈಗೆ ರೂಢಿ ಮಾಡಿಸಿ, ಹತ್ತಕ್ಕೂ ಜಾಸ್ತಿ ಇವೆ. 'ಹೆ' ಅಂದರೆ ತಗ್ಗಾದ ಗುಡ್ಡ. 'ಶಿ' ಮೀನಿನ ಗಾಳ. 'ಕು' ಬಾಗಿದ ಮೊಣಕೈ. 'ನೊ' ಸುತ್ತಿ ಬಿಟ್ಟ ದಾರ. 'ತ್ಸು' ಮಗುಚಿ ಬೀಳುವ ಅಲೆ. ಇಂಥ ಚಿತ್ರ ನೀವೇ ಕಟ್ಟಿಕೊಳ್ಳಿ, ಬೇರೆಯವರು ಕೊಟ್ಟದ್ದಕ್ಕಿಂತ ಅದು ಚೆನ್ನಾಗಿ ನೆನಪು ಉಳಿಯುತ್ತದೆ. ಒಂದು ಅಕ್ಷರವನ್ನು ಸುಮ್ನೆ ಐವತ್ತು ಸಲ ಬರೆಯೋದರಿಂದ ಲಾಭ ಕಡಿಮೆ, ಕೈ ನಡೆಯುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಬಾಯಲ್ಲಿ ಹೇಳುತ್ತಾ ಐದು ಸಲ ಬರೆಯಿರಿ, ಪುಸ್ತಕ ಮುಚ್ಚಿ, ಗಂಟೆ ಬಿಟ್ಟು ನೆನಪಿನಿಂದ ಬರೆಯಿರಿ. ಮರುದಿನ ಹೊಸ ಸಾಲಿಗೆ ಹೋಗುವ ಮುಂಚೆ ಹಳೇದನ್ನು ಮತ್ತೆ ನೆನಪಿನಿಂದಲೇ ಬರೆಯಿರಿ.

ಗೆರೆ ಎಳೆಯುವ ಕ್ರಮ ಬಿಡಬೇಡಿ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಇದು ಮೂಲ ನಿಯಮ. ಗೆರೆ ಮುಗಿಯೋದು ಮೂರು ಥರ. ಗಟ್ಟಿಯಾಗಿ ನಿಲ್ಲಿಸೋದು ತೊಮೆ, ತುದಿಯಲ್ಲಿ ಕೊಕ್ಕೆಯ ಹಾಗೆ ಚಿಮ್ಮಿಸೋದು ಹನೆ, ಗುಡಿಸಿದ ಹಾಗೆ ಸಣ್ಣಗೆ ಮಾಡುತ್ತಾ ಬಿಡೋದು ಹರಯಿ. ಇವು ಕುಂಚದಿಂದ ಬಂದ ಅಭ್ಯಾಸ, ಆದರೆ ಬಾಲ್‌ಪೆನ್ನಿನಲ್ಲೂ ಇವಿಲ್ಲದಿದ್ದರೆ ಅಕ್ಷರ ಸಪ್ಪೆಯಾಗಿ ಕಾಣುತ್ತದೆ. ಇನ್ನೊಂದು ಎಚ್ಚರ. 'ಕಿ' ಮತ್ತು 'ಸ' ಅಚ್ಚಿನಲ್ಲಿ ಒಂದು ಥರ, ಕೈಬರಹದಲ್ಲಿ ಇನ್ನೊಂದು ಥರ. ಅಚ್ಚಿನಲ್ಲಿ ಕೆಳಗಿನ ಬಳುಕು ಮೇಲಿನ ಗೆರೆಗೆ ಕೂಡಿಕೊಂಡಿರುತ್ತದೆ, ಕೈಯಲ್ಲಿ ಬರೆಯುವಾಗ ಬಿಡಿಯಾಗಿರುತ್ತದೆ. ಎರಡೂ ಸರಿ.

ಒಂದೇ ಥರ ಕಾಣುವ ಜೋಡಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಬೇರೆ ಬೇರೆ ದಿನ ಕಲಿತರೆ ಗೊಂದಲ ಉಳಿದುಬಿಡುತ್ತದೆ. 'ನು' ಮತ್ತು 'ಮೆ' ಒಂದೇ ಮೈ, ನು ಅಕ್ಷರಕ್ಕೆ ಮಾತ್ರ ಕೊನೆಯಲ್ಲಿ ಗಂಟಿದೆ. 'ರು' ಅಕ್ಷರಕ್ಕೆ ಗಂಟಿದೆ, 'ರೊ' ಅಕ್ಷರಕ್ಕೆ ಇಲ್ಲ. 'ನೆ', 'ರೆ', 'ವ' ಮೂರಕ್ಕೂ ಎಡಭಾಗ ಒಂದೇ. ಕೊನೆಯಲ್ಲಿ ಗಂಟು ಬಿದ್ದರೆ ನೆ, ಹೊರಗೆ ಚಾಚಿದರೆ ರೆ, ಒಳಗೆ ಬಾಗಿದರೆ ವ. 'ಸ' ಅಕ್ಷರವನ್ನು ಕನ್ನಡಿಯಲ್ಲಿ ನೋಡಿದರೆ 'ಚಿ'.

ಮಾತ್ರೆ ಎಣಿಸೋಕೆ ಬಂದರೆ ಅರ್ಧ ಕೆಲಸ ಆದಂತೆ

ಕಲಿಯುವವರು ಜಾಸ್ತಿ ತಪ್ಪು ಮಾಡೋದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ದೀರ್ಘ ಬೇಕಾದರೆ ಹಿರಗನದಲ್ಲಿ ಇನ್ನೊಂದು ಸ್ವರವನ್ನು ಪಕ್ಕದಲ್ಲಿ ಬರೆಯುತ್ತಾರೆ. 'ಒಬಸನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ ದೊಡ್ಡಮ್ಮ, 'ಒಬಾಸನ್' ಅಂದರೆ ಅಜ್ಜಿ. ಎರಡನೇದರಲ್ಲಿ 'ಬ' ಆದಮೇಲೆ ಇನ್ನೊಂದು 'ಅ' ಬರೆದಿರುತ್ತದೆ, ಅಷ್ಟೇ ವ್ಯತ್ಯಾಸ. ಓಕಾರ ಎಳೆಯಬೇಕಾದಾಗ ಮಾತ್ರ ಸಾಮಾನ್ಯವಾಗಿ ಪಕ್ಕದಲ್ಲಿ 'ಉ' ಬರೆಯುತ್ತಾರೆ. ತೋಕ್ಯೋ ಬರೆಯೋದು ತೊ-ಉ-ಕ್ಯೊ-ಉ ಅಂತ. ಏಕಾರಕ್ಕೆ ಹೆಚ್ಚಾಗಿ 'ಇ' ಬರುತ್ತದೆ, ಮೇಷ್ಟ್ರಿಗೆ ಹೇಳುವ 'ಸೆನ್ಸೇ' ಪದವನ್ನು ಸೆ-ನ್-ಸೆ-ಇ ಅಂತ ಬರೆಯುತ್ತಾರೆ.

ಒತ್ತಕ್ಷರಕ್ಕೆ ಪುಟ್ಟ 'ತ್ಸು' ಬಳಸುತ್ತಾರೆ. ಅದನ್ನು ಚಿಕ್ಕದಾಗಿ ಬರೆದರೆ ಅದಕ್ಕೆ ಸ್ವಂತ ಉಚ್ಚಾರ ಇರೋದಿಲ್ಲ, ಮುಂದಿನ ವ್ಯಂಜನ ಇಮ್ಮಡಿ ಆಗುತ್ತದೆ. 'ಕಿತೆ' ಅಂದರೆ ಬಾ, 'ಕಿತ್ತೆ' ಅಂದರೆ ಅಂಚೆ ಚೀಟಿ. 'ಸಕ' ಇಳಿಜಾರು, 'ಸಕ್ಕ' ಲೇಖಕ. ಅಕ್ಕ, ಅಣ್ಣ, ಹತ್ತು ಅಂತ ದಿನವೂ ಹೇಳುವ ನಮಗೆ ಇದರಲ್ಲಿ ಕಲಿಯೋಕೆ ಏನೂ ಇಲ್ಲ, ಬರೆಯುವ ಗುರುತು ಒಂದನ್ನು ಬಿಟ್ಟು.

ಪುಟ್ಟ ಯ, ಯು, ಯೊ ಕೂಡ ಇವೆ. 'ಕಿ' ಬರೆದು ಪಕ್ಕದಲ್ಲಿ ಪುಟ್ಟ 'ಯ' ಬರೆದರೆ 'ಕ್ಯ'. ನಮ್ಮ ಯ ಒತ್ತಿನ ಹಾಗೆ. ಪುಟ್ಟದಾಗಿ ಬರೆಯೋದು ಮರೆತರೆ ಪದವೇ ಬೇರೆ ಆಗುತ್ತದೆ. 'ಬ್ಯೋಇನ್' ಅಂದರೆ ಆಸ್ಪತ್ರೆ, 'ಬಿಯೋಇನ್' ಅಂದರೆ ಬ್ಯೂಟಿ ಪಾರ್ಲರ್. ಬರಹದಲ್ಲಿ ಇವೆರಡನ್ನೂ ಬೇರೆ ಮಾಡೋದು ಆ ಯೊ ಅಕ್ಷರದ ಗಾತ್ರ ಮಾತ್ರ.

ಇನ್ನು 'ನ್'. ಇದು ನಮ್ಮ ಸೊನ್ನೆಯೇ. ಸಂಪತ್ತು ಅನ್ನುವಾಗ ಸೊನ್ನೆ 'ಮ್' ಆಗುತ್ತದೆ, ಗಂಗೆ ಅನ್ನುವಾಗ 'ಙ್' ಆಗುತ್ತದೆ, ಯಾರೂ ಹೇಳಿಕೊಡದೆ ನಾವು ಬದಲಾಯಿಸುತ್ತೇವೆ. ಜಪಾನಿಯಲ್ಲೂ ಹಾಗೇ. ಪೇಪರಿಗೆ 'ಶಿಂಬುನ್' ಅನ್ನುತ್ತಾರೆ, ಬರೆಯೋದು ಶಿ-ನ್-ಬು-ನ್.

ಈಗ ಮಾತ್ರೆ. ಜಪಾನಿ ಮಾತಿನ ಲಯ ಮಾತ್ರೆಯ ಲೆಕ್ಕದ್ದು. ಒಂದು ಅಕ್ಷರಕ್ಕೆ ಒಂದು ಮಾತ್ರೆ. ಪುಟ್ಟ ತ್ಸು ಅಕ್ಷರಕ್ಕೂ ಒಂದು, ನ್ ಅಕ್ಷರಕ್ಕೂ ಒಂದು, ದೀರ್ಘ ಎಳೆದದ್ದಕ್ಕೆ ಇನ್ನೊಂದು. ಪುಟ್ಟ ಯ, ಯು, ಯೊ ಮಾತ್ರ ಹಿಂದಿನ ಅಕ್ಷರದ ಜೊತೆ ಸೇರಿಹೋಗುತ್ತವೆ. 'ನಿಪ್ಪೊನ್' ಎಷ್ಟು ಮಾತ್ರೆ? ನಿ-ಪ್-ಪೊ-ನ್, ನಾಲ್ಕು. ಶಾಲೆಯಲ್ಲಿ ಕಲಿತ ಹಾಗೆ ಪ್ರಸ್ತಾರ ಹಾಕಿ ನೋಡಿ, ಎರಡು ಗುರು, ನಾಲ್ಕೇ ಬರುತ್ತದೆ. ತೋಕ್ಯೋ ಕೂಡ ಎರಡು ಗುರು, ನಾಲ್ಕು ಮಾತ್ರೆ. ಹೈಕುವಿನ 5-7-5 ಎಣಿಸೋದು ಈ ಮಾತ್ರೆಗಳನ್ನೇ. ಹೊಸ ಪದ ಕಲಿತಾಗೆಲ್ಲ ಬೆರಳು ಮಡಚಿ ಮಾತ್ರೆ ಎಣಿಸಿ, ಆಗ ಬರೆಯುವಾಗ ದೀರ್ಘವೂ ಒತ್ತೂ ತಪ್ಪಿಹೋಗೋದಿಲ್ಲ.

ಮೂರು ಅಕ್ಷರ ಮಾತ್ರ ಬರೆಯೋದು ಒಂದು, ಓದೋದು ಒಂದು. ಪ್ರತ್ಯಯವಾಗಿ ಬಂದಾಗ 'ಹ' ಅನ್ನು 'ವ' ಅಂತ, 'ಹೆ' ಅನ್ನು 'ಎ' ಅಂತ ಓದುತ್ತಾರೆ. ವಕಾರದ ಸಾಲಿನ ಕೊನೆಯ ಅಕ್ಷರ ನಮ್ಮ 'ಅನ್ನು' ಪ್ರತ್ಯಯದ ಕೆಲಸಕ್ಕೆ ಮಾತ್ರ ಮೀಸಲು, ಅದನ್ನು 'ಒ' ಅಂತ ಓದಿ. 'ಕೊನ್ನಿಚಿವ' ಅನ್ನುವ ನಮಸ್ಕಾರದ ಕೊನೆಯ ಅಕ್ಷರ ಕೂಡ ಬರಹದಲ್ಲಿ 'ಹ'.

ಕತಕನ

ಹಿರಗನ ತಡೆಯಿಲ್ಲದೆ ಓದೋಕೆ ಬಂದಮೇಲೆ ಕತಕನಕ್ಕೆ ಬನ್ನಿ. ಅದೇ 46 ಧ್ವನಿ, ಅದೇ ಕ್ರಮ, ಆಕಾರ ಮಾತ್ರ ಬೇರೆ. ಎರಡೂ ಕಂಜಿಯಿಂದಲೇ ಹುಟ್ಟಿದವು. ಇಡೀ ಕಂಜಿಯನ್ನು ವೇಗವಾಗಿ ಉರುಟಾಗಿ ಬರೆದು ಬರೆದು ಹಿರಗನ ಆಯಿತು. 9ನೇ ಶತಮಾನದಲ್ಲಿ ಭಿಕ್ಷುಗಳು ಗ್ರಂಥದ ಸಾಲುಗಳ ಪಕ್ಕ ಉಚ್ಚಾರ ಗುರುತು ಹಾಕಿಕೊಳ್ಳೋಕೆ ಕಂಜಿಯ ಒಂದು ತುಂಡನ್ನು ಮಾತ್ರ ಬರೆದರು, ಅದು ಕತಕನ ಆಯಿತು. 'ಕ' ನೋಡಿ, ಎರಡು ಲಿಪಿಯಲ್ಲೂ ಒಂದೇ ಕಂಜಿಯಿಂದ ಬಂದದ್ದು. ಕತಕನದ್ದು ಆ ಕಂಜಿಯ ಎಡ ಅರ್ಧ. ಅದಕ್ಕೇ ಎರಡೂ ಅಣ್ಣ ತಮ್ಮನ ಹಾಗೆ ಕಾಣುತ್ತವೆ. 'ಹೆ' ಅಂತೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಹೊರಗಿನ ಭಾಷೆಯಿಂದ ಬಂದ ಪದ, ವಿದೇಶಿ ಊರು, ವಿದೇಶಿ ಹೆಸರು, ಸದ್ದಿನ ಪದ, ಇವು ಕತಕನದಲ್ಲಿ ಬರುತ್ತವೆ. ದೀರ್ಘಕ್ಕೆ ಇಲ್ಲಿ ಸುಮ್ನೆ ಒಂದು ಉದ್ದ ಗೆರೆ. ಅಡ್ಡ ಬರವಣಿಗೆಯಲ್ಲಿ ಅಡ್ಡ ಗೆರೆ, ಕಂಬದ ಹಾಗೆ ಮೇಲಿಂದ ಕೆಳಗೆ ಬರೆಯುವಾಗ ನೆಟ್ಟಗಿನ ಗೆರೆ. ನಾವು ಬಸ್ಸು, ಕ್ಲಾಸು ಅಂತ ಇಂಗ್ಲಿಷ್ ಪದಕ್ಕೆ ಉಕಾರ ಸೇರಿಸಿ ನಮ್ಮದಾಗಿ ಮಾಡಿಕೊಂಡ ಹಾಗೆ ಅವರೂ 'ಬಸು', 'ಕುರಸು' ಅನ್ನುತ್ತಾರೆ. ಹೋಟೆಲಿಗೆ 'ಹೊತೆರು', ಟ್ಯಾಕ್ಸಿಗೆ 'ತಕುಶೀ', ಟಿವಿಗೆ 'ತೆರೆಬಿ'. ಕತಕನ ಓದೋದು ಅಂದರೆ ಒಂದು ಒಗಟು ಬಿಡಿಸಿದ ಹಾಗೆ, ಜೋರಾಗಿ ಎರಡು ಮೂರು ಸಲ ಹೇಳಿಕೊಂಡರೆ ಮೂಲ ಪದ ಹೊಳೆಯುತ್ತದೆ.

ಇಲ್ಲಿ ಎಲ್ಲರೂ ಎಡವುವ ನಾಲ್ಕು ಅಕ್ಷರ ಇವೆ. 'ಶಿ' ಮತ್ತು 'ತ್ಸು', 'ನ್' ಮತ್ತು 'ಸೊ'. ಕಣ್ಣಿಂದ ಬೇರೆ ಮಾಡೋಕೆ ಹೋದರೆ ಆಗೋದಿಲ್ಲ, ಕೈಯಿಂದ ಆಗುತ್ತದೆ. 'ಶಿ' ಬರೆಯುವಾಗ ಎರಡು ಚಿಕ್ಕ ಗೆರೆ ಎಡಗಡೆ ಒಂದರ ಕೆಳಗೊಂದು ಬರುತ್ತವೆ, ಉದ್ದ ಗೆರೆ ಕೆಳಗಿಂದ ಮೇಲಕ್ಕೆ ಏರುತ್ತದೆ. 'ತ್ಸು' ಬರೆಯುವಾಗ ಚಿಕ್ಕ ಗೆರೆಗಳು ಮೇಲ್ಗಡೆ ಅಕ್ಕಪಕ್ಕ ನಿಲ್ಲುತ್ತವೆ, ಉದ್ದ ಗೆರೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. 'ನ್' ಏರುವ ಜಾತಿ, 'ಸೊ' ಇಳಿಯುವ ಜಾತಿ. ಹಿರಗನದ ಶಿ ಕೆಳಗೆ ಬಂದು ಮೇಲಕ್ಕೆ ತಿರುಗುತ್ತದೆ, ಅದರ ತ್ಸು ಮೇಲೆ ಸಾಗಿ ಕೆಳಕ್ಕೆ ತಿರುಗುತ್ತದೆ, ಅದನ್ನು ನೆನೆಸಿಕೊಂಡರೂ ಗೊತ್ತಾಗುತ್ತದೆ.

ಕತಕನದಲ್ಲಿ ಮೊದಲು ಬರೆಯಬೇಕಾದ್ದು ನಿಮ್ಮ ಹೆಸರು. ಲಕಾರ, ಳಕಾರ, ರಕಾರ ಮೂರಕ್ಕೂ ರ ಸಾಲು ಒಂದೇ. ಟ ಮತ್ತು ತ ಒಂದೇ. ಮಹಾಪ್ರಾಣ ಇಲ್ಲ. ವಕಾರದಲ್ಲಿ ವಿ, ವೆ ಬಂದರೆ ಬ ಸಾಲಿನಿಂದ ತಗೊಳ್ಳುತ್ತಾರೆ, ಇಲ್ಲವೇ ಉ ಅಕ್ಷರಕ್ಕೆ ಎರಡು ಗೀಟು ಹಾಕಿ ಪಕ್ಕದಲ್ಲಿ ಪುಟ್ಟ ಸ್ವರ ಬರೆಯುತ್ತಾರೆ. ಕಿರಣ್ ಆದರೆ ಕಿ-ರ-ನ್. ಮಂಜುಳಾ ಆದರೆ ಮ-ನ್-ಜು-ರ, ಕೊನೆಗೊಂದು ಉದ್ದ ಗೆರೆ. ಜುಕಾರಕ್ಕೆ 'ಶಿ' ಮೇಲೆ ಗೀಟು ಹಾಕಿ ಪುಟ್ಟ 'ಯು' ಸೇರಿಸಬೇಕು.

ಕಂಜಿಗೆ ಕೈ ಹಾಕುವಾಗ

ಸಂಖ್ಯೆ ಕೇಳಿ ಹೆದರಬೇಡಿ. ದಿನಬಳಕೆಗೆ ಅಂತ ಜಪಾನ್ ಸರ್ಕಾರ ಗೊತ್ತು ಮಾಡಿರುವ ಪಟ್ಟಿಯಲ್ಲಿ 2010ರಿಂದ 2136 ಕಂಜಿ ಇವೆ. ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1026 ಕಲಿಯುತ್ತಾರೆ, ಒಂದನೇ ಕ್ಲಾಸಿನಲ್ಲಿ 80 ಮಾತ್ರ. ನೀವೂ ಆ 80ರಿಂದ ಶುರು ಮಾಡಿ.

ಕಂಜಿ ಅಂದರೆ ಏನು ಅಂತ ತಿಳಿಯೋಕೆ 5 ಅನ್ನುವ ಅಂಕಿ ನೆನಪಿಸಿಕೊಳ್ಳಿ. ನಾವು ಐದು ಅನ್ನುತ್ತೇವೆ, ತಮಿಳರು ಅಂಜು ಅನ್ನುತ್ತಾರೆ, ಗುರುತು ಒಂದೇ. ಚೀನಾದ ಗುರುತನ್ನು ತಂದು ಜಪಾನಿನವರು ಅದಕ್ಕೆ ತಮ್ಮ ಪದವನ್ನೂ ಓದಿದರು, ಜೊತೆಗೆ ಚೀನಿ ಉಚ್ಚಾರವನ್ನೂ ಉಳಿಸಿಕೊಂಡರು. ಹಾಗಾಗಿ ಹೆಚ್ಚಿನ ಕಂಜಿಗೆ ಎರಡು ಓದು. ತಮ್ಮದು ಕುನ್, ಚೀನಾದಿಂದ ಬಂದದ್ದು ಒನ್. ಎರಡೆರಡು ಯಾಕೆ ಅಂತ ಗೋಳಾಡುವ ಮುಂಚೆ ಕನ್ನಡವನ್ನೇ ನೋಡಿ. ಒಂಟಿಯಾಗಿ ನೀರು, ಜೋಡಿ ಪದದಲ್ಲಿ ಜಲ: ಜಲಪಾತ, ಜಲಾಶಯ. ಒಂಟಿಯಾಗಿ ಬೆಂಕಿ, ಜೋಡಿಯಲ್ಲಿ ಅಗ್ನಿ: ಅಗ್ನಿಶಾಮಕ. ನೀರುಪಾತ ಅಂತ ಯಾರೂ ಅನ್ನೋದಿಲ್ಲ. ಜಪಾನಿಯಲ್ಲಿ ನೀರು ಒಂಟಿಯಾಗಿ 'ಮಿಜ಼ು', ಜೋಡಿಯಲ್ಲಿ 'ಸುಯಿ'. ಬೆಟ್ಟ ಒಂಟಿಯಾಗಿ 'ಯಮ', ಜೋಡಿಯಲ್ಲಿ 'ಸನ್'. ಬೆಂಕಿಯ ಕಂಜಿ ಮತ್ತು ಬೆಟ್ಟದ ಕಂಜಿ ಅಕ್ಕಪಕ್ಕ ಬಂದರೆ 'ಕಜ಼ನ್', ಅಂದರೆ ಜ್ವಾಲಾಮುಖಿ. ನಾವು ಒಂದೇ ಅರ್ಥಕ್ಕೆ ಎರಡು ಪದ ಇಟ್ಟುಕೊಂಡಿದ್ದೇವೆ, ಅವರು ಎರಡಕ್ಕೂ ಒಂದೇ ಗುರುತು ಹಾಕಿದರು. ಎಲ್ಲಾ ಕಡೆ ಈ ನಿಯಮ ನಡೆಯೋದಿಲ್ಲ, ಆದರೆ ಶುರುವಿಗೆ ಇದು ಒಳ್ಳೆಯ ಊರುಗೋಲು.

ಹಾಗಂತ ಒಂದೊಂದು ಕಂಜಿಯ ಎಲ್ಲಾ ಓದುಗಳನ್ನೂ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಪದ ಕಲಿಯಿರಿ, ಓದು ಅದರ ಜೊತೆ ಬರುತ್ತದೆ.

ಆಕಾರಗಳೂ ಅಷ್ಟೇ, ತುಂಡು ತುಂಡಾಗಿ ನೋಡಿದರೆ ಹಗುರ. ಮರದ ಕಂಜಿ ಕಾಂಡ, ಕೊಂಬೆ, ಬೇರು ಇರುವ ಚಿತ್ರದ ಹಾಗಿದೆ. ಎರಡು ಮರ ಸೇರಿದರೆ ತೋಪು, ಮೂರು ಸೇರಿದರೆ ಕಾಡು. ಮರದ ಬುಡದಲ್ಲಿ ಒಂದು ಚಿಕ್ಕ ಗೆರೆ ಹಾಕಿದರೆ ಮೂಲ. ಸೂರ್ಯ ಮತ್ತು ಮೂಲ ಸೇರಿದರೆ ನಿಹೊನ್, ಜಪಾನ್ ದೇಶದ ಹೆಸರು. ಮರದ ಪಕ್ಕ ಮನುಷ್ಯ ನಿಂತರೆ ವಿಶ್ರಾಂತಿ. ಎಡಗಡೆ ಮೂರು ಹನಿ ಕಂಡರೆ ನೀರಿಗೆ ಸಂಬಂಧ: ಸಮುದ್ರ, ಕೊಳ, ಈಜು. ಕೆಲವು ತುಂಡುಗಳು ಉಚ್ಚಾರವನ್ನೂ ಹೇಳುತ್ತವೆ. ನೀಲಿ ಅನ್ನುವ ಕಂಜಿಯ ಒನ್ ಓದು 'ಸೇ'. ಅದರ ಎಡಕ್ಕೆ ನೀರು ಬಂದರೆ ಶುಭ್ರ, ಸೂರ್ಯ ಬಂದರೆ ತಿಳಿ ಆಕಾಶ, ಎರಡನ್ನೂ 'ಸೇ' ಅಂತಲೇ ಓದಬಹುದು.

ನನಗೆ ತುಂಬಾ ಇಷ್ಟದ ಪಾಠ ವಾರದ ದಿನಗಳದ್ದು. ಚಂದ್ರ, ಬೆಂಕಿ, ನೀರು, ಮರ, ಲೋಹ, ಮಣ್ಣು, ಸೂರ್ಯ, ಈ ಏಳು ಕಂಜಿ ಕಲಿತರೆ ಸೋಮವಾರದಿಂದ ಭಾನುವಾರದ ತನಕ ಬರೆಯಬಹುದು. ಬೆಂಕಿ ಯಾಕೆ ಮಂಗಳವಾರ? ಮಂಗಳ ಗ್ರಹಕ್ಕೆ ಅವರು ಬೆಂಕಿಯ ನಕ್ಷತ್ರ ಅನ್ನುತ್ತಾರೆ. ಬುಧ ನೀರಿನದು, ಗುರು ಮರದ್ದು, ಶುಕ್ರ ಲೋಹದ್ದು, ಶನಿ ಮಣ್ಣಿನದು. ಅದೇ ಗ್ರಹ, ಅದೇ ವಾರ. ಗೆತ್ಸುಯೋಬಿ, ಕಯೋಬಿ, ಸುಯಿಯೋಬಿ, ಮೊಕುಯೋಬಿ, ಕಿನ್‌ಯೋಬಿ, ದೊಯೋಬಿ, ನಿಚಿಯೋಬಿ. ದಿನಾ ಪುಸ್ತಕದ ಮೇಲ್ಗಡೆ ಅವತ್ತಿನ ವಾರ ಬರೆಯಿರಿ, ತಿಂಗಳಲ್ಲಿ ಏಳೂ ಕೈಗೆ ಬರುತ್ತವೆ.

ಬರೆಯುವಾಗ ಅಡ್ಡ ಗೆರೆ ನೆಟ್ಟಗಿನ ಗೆರೆಗೆ ಅಡ್ಡ ಹಾಯ್ದರೆ ಸಾಮಾನ್ಯವಾಗಿ ಅಡ್ಡದ್ದು ಮೊದಲು. ಪೆಟ್ಟಿಗೆಯ ಒಳಗೆ ಏನಾದರೂ ಇದ್ದರೆ ಹೊರಗೋಡೆ ಮೊದಲು, ಒಳಗಿನದು ಆಮೇಲೆ, ತಳ ಮುಚ್ಚೋದು ಕೊನೆಗೆ. ಬಾಯಿ ಅನ್ನುವ ಕಂಜಿ ಬರೀ ಚೌಕ, ಆದರೆ ನಾಲ್ಕು ಗೆರೆ ಅಲ್ಲ, ಮೂರು: ಎಡಗೋಡೆ, ಮೇಲ್ಗಡೆ ಹೋಗಿ ಹಾಗೇ ಬಲಕ್ಕೆ ಇಳಿಯುವ ಒಂದು ಗೆರೆ, ತಳ. ಮೊದಲ ನೂರು ಕಂಜಿಯನ್ನಾದರೂ ಕೈಯಲ್ಲಿ ಬರೆದೇ ಕಲಿಯಿರಿ, ಆಮೇಲಿನವನ್ನು ಓದೋಕೆ ಬಂದರೆ ಸದ್ಯಕ್ಕೆ ಸಾಕು. ಓದೋಕೆ ಮಕ್ಕಳ ಪುಸ್ತಕ ಹಿಡಿಯಿರಿ. ಅವುಗಳಲ್ಲಿ ಕಂಜಿಯ ಮೇಲೆ ಅಥವಾ ಬಲಕ್ಕೆ ಸಣ್ಣ ಹಿರಗನದಲ್ಲಿ ಉಚ್ಚಾರ ಕೊಟ್ಟಿರುತ್ತಾರೆ, ಅದಕ್ಕೆ ಫುರಿಗನ ಅಂತ ಹೆಸರು. ಕಂಬಸಾಲಿನಲ್ಲಿ ಅಚ್ಚಾದ ಪುಸ್ತಕ ಆದರೆ ನಾವು ಹಿಂಬದಿ ಅನ್ನುವ ಕಡೆಯಿಂದ ತೆರೆಯಬೇಕು, ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ.

ಫೋನಿನಲ್ಲಿ ಟೈಪ್ ಮಾಡೋದು

ಫೋನಿನ ಸೆಟ್ಟಿಂಗಿನಲ್ಲಿ ಜಪಾನಿ ಕೀಬೋರ್ಡ್ ಸೇರಿಸಿ. ಎರಡು ಥರ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಹಿರಗನ ಆಗಿ ಬದಲಾಗುವುದು ಒಂದು. ಕಂಪ್ಯೂಟರಿನಲ್ಲೂ ಹೆಚ್ಚಾಗಿ ಇದೇ ಬಳಕೆ, ಪದ ಹೊಡೆದು ಸ್ಪೇಸ್ ಒತ್ತಿದರೆ ಕಂಜಿಗಳ ಪಟ್ಟಿ ಬರುತ್ತದೆ, ಸರಿಯಾದ್ದನ್ನು ಆರಿಸಬೇಕು. ವ್ಯಂಜನವನ್ನು ಎರಡು ಸಲ ಒತ್ತಿದರೆ ಪುಟ್ಟ ತ್ಸು ತಾನಾಗಿ ಬರುತ್ತದೆ.

ಇನ್ನೊಂದು ಹನ್ನೆರಡು ಗುಂಡಿಯ ಕೀಬೋರ್ಡ್, ನಾನು ಹೇಳೋದು ಇದನ್ನೇ ಹಾಕಿಕೊಳ್ಳಿ ಅಂತ. ಗುಂಡಿಗಳ ಮೇಲೆ ಅ, ಕ, ಸ, ಕೆಳಗೆ ತ, ನ, ಹ, ಅದರ ಕೆಳಗೆ ಮ, ಯ, ರ, ಕೊನೆಗೆ ವ. ವರ್ಣಮಾಲೆ ಹಾಗೇ ಕೂತಿದೆ. ಕ ಗುಂಡಿಯನ್ನು ಸುಮ್ನೆ ಒತ್ತಿದರೆ ಕ. ಒತ್ತಿ ಎಡಕ್ಕೆ ಸರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಲಿಪಿಯಲ್ಲಿ ಇಲ್ಲದ ಕಾಗುಣಿತ ಬೆರಳಿಗೆ ಬಂತು ನೋಡಿ. ಗೀಟು, ಸೊನ್ನೆ ಹಾಕೋಕೆ ಮತ್ತು ಅಕ್ಷರ ಪುಟ್ಟದು ಮಾಡೋಕೆ ಕೆಳಗೆ ಎಡಗಡೆ ಒಂದು ಗುಂಡಿ ಇರುತ್ತದೆ. ಇವತ್ತು ಕಲಿತ ಐದು ಅಕ್ಷರದಲ್ಲಿ ಆಗುವ ಪದಗಳನ್ನು ಇದರಲ್ಲೇ ಹೊಡೆದು ನೋಡಿ. ಮೊದಲ ಎರಡು ಸಾಲು ಬಂದರೆ ಸಾಕು, ಮನೆಗೆ 'ಇಎ', ಮುಖಕ್ಕೆ 'ಕಒ', ಕೆಂಪಿಗೆ 'ಅಕ', ನೀಲಿಗೆ 'ಅಒ', ನಿಲ್ದಾಣಕ್ಕೆ 'ಎಕಿ' ಆಗಲೇ ಬರೆಯಬಹುದು.